ದೊಡ್ಡವರ ಸಾಲಿಯಲ್ಲಿ ಮೊದಲ ಪಾಠ ಯಾವುದು?

ಕನ್ನಡ ಕಲಿಸುವ ಪುಸ್ತಕಗಳು ಸಾಮಾನ್ಯವಾಗಿ ರ, ಗ, ಸ, ದ, ಅ ಎಂದು ಶುರುವಾಗುತ್ತವೆ. ಬರೆಯೋದು ಸುಲಭ. ಐದೇ ಅಕ್ಷರದಲ್ಲಿ ಅರಸ, ಅಗಸ, ಸರ, ದರ ಅಂತ ಪದಗಳೂ ಸಿಗುತ್ತವೆ. ಒತ್ತಕ್ಷರ ಬರೋದು ಎಲ್ಲ ಮುಗಿದ ಮೇಲೆ. ಒಂದನೇ ತರಗತಿ ಮಕ್ಕಳಿಗೆ ಇದು ಸರಿ. ಆದರೆ ಬಾಗಲಕೋಟೆ ಕಡೆ ಐವತ್ತು ದಾಟಿದ ಹೆಣ್ಣುಮಗಳ ಮುಂದೆ ಈ ಪುಸ್ತಕ ಇಟ್ಟು ನೋಡಿ. ಆಕೆಗೆ ಅರಸನೂ ಬೇಡ, ಅಗಸನೂ ಬೇಡ. ತನ್ನ ಹೆಸರು ಬೇಕು. ಆ ಹೆಸರು ಯಲ್ಲವ್ವ, ಬಸವ್ವ, ಮಲ್ಲವ್ವ, ನೀಲವ್ವ. ಪುಸ್ತಕ ಕೊನೆಗೆ ಇಟ್ಟ ಒತ್ತಕ್ಷರ ನಮ್ಮಲ್ಲಿ ಮೊದಲ ದಿನವೇ ಬಂದು ಕೂರುತ್ತದೆ.

ಹಾಗಾಗಿ ಊರಿನ ದೊಡ್ಡವರಿಗೆ ಓದು ಬರಹ ಕಲಿಸುವ ನಾನು ಶುರು ಮಾಡಿದ್ದೇ ‘ವ್ವ’ದಿಂದ. ಬೋರ್ಡಿನ ಮೇಲೆ ಅದನ್ನು ದೊಡ್ಡದಾಗಿ ಬರೆದು, ‘ಇದು ನಿಮ್ಮೆಲ್ಲರದೂ’ ಎಂದೆ. ಆಮೇಲೆ ಒಬ್ಬೊಬ್ಬರ ಹೆಸರಿನ ಮುಂದಿನ ಭಾಗ. ಬಸವ್ವನಿಂದ ‘ಬ’, ‘ಸ’ ಬಂತು. ಮಲ್ಲವ್ವನಿಂದ ‘ಮ’ ಬಂತು, ‘ಲ್ಲ’ ಬಂತು. ತನ್ನ ಹೆಸರು ಬಂದ ಮೇಲೆ ಪಕ್ಕದವಳ ಹೆಸರು ಓದೋ ಚಟ ತಾನಾಗೇ ಹತ್ತುತ್ತದೆ. ರೇಗಿಸೋದಕ್ಕಾದರೂ ಓದುತ್ತಾರೆ. ಅರ್ಧ ವರ್ಣಮಾಲೆ ಹೀಗೇ ಬಂತು.

ನಮ್ಮ ಊರು ಇಳಕಲ್ಲ ಹತ್ತಿರದ ಒಂದು ಹಳ್ಳಿ. ದೊಡ್ಡವರಿಗೆ ಓದು ಬರಹ ಕಲಿಸುವ ಸರ್ಕಾರದ ಸಾಕ್ಷರ ಭಾರತ ಯೋಜನೆ 2009ರಲ್ಲಿ ಶುರುವಾಯಿತು. ಹೆಣ್ಣುಮಕ್ಕಳ ಸಾಕ್ಷರತೆ ತೀರಾ ಕಡಿಮೆ ಇದ್ದ ಜಿಲ್ಲೆಗಳಿಗಾಗಿ ಮಾಡಿದ್ದು ಅದು. ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಅದನ್ನು ನಡೆಸೋಕೆ ಇಬ್ಬರು ಪ್ರೇರಕರು, ತಿಂಗಳಿಗೆ 2000 ರೂಪಾಯಿ ಗೌರವಧನ. ನಾನು ಪ್ರೇರಕಿಯಾದೆ. 2011ರ ಜನಗಣತಿ ಪ್ರಕಾರ ಬಾಗಲಕೋಟೆ ಜಿಲ್ಲೆಯಲ್ಲಿ ನೂರು ಗಂಡಸರಲ್ಲಿ ಸುಮಾರು 79 ಮಂದಿಗೆ ಓದು ಬರುತ್ತಿತ್ತು, ಹೆಂಗಸರಲ್ಲಿ 58 ಮಂದಿಗೆ ಮಾತ್ರ. ಉಳಿದವರು ಎಲ್ಲೋ ದೂರದವರಲ್ಲ. ನಮ್ಮ ಅತ್ತೆ, ಓಣಿಯ ಕಾಕು, ದೊಡ್ಡವ್ವ. ನಾನು ಊರಿನ ಸೊಸೆ. ತಲೆ ಮೇಲೆ ಸೆರಗು ಹೊದ್ದು ಅವರ ಎದುರು ನಿಲ್ಲಬೇಕಾದವಳು. ತರಗತಿಗೆ ಬಂದರೆ ಮಾತ್ರ ಅವರೇ ಬೇಕಂತ ನನ್ನನ್ನು ಟೀಚರಿಗೆ ಹೇಳುವಂತೆ ‘ಅಕ್ಕೋರ’ ಅಂತ ಕರೆದು ನಗುತ್ತಿದ್ದರು.

ಜನ ಸೇರಿಸೋದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಸೇರಿಸೋದು ಅಷ್ಟೇನೂ ಕಷ್ಟ ಅಲ್ಲ, ಉಳಿಸಿಕೊಳ್ಳೋದು ಕಷ್ಟ. ವೇಳೆಯನ್ನು ಅವರೇ ಹೇಳಬೇಕು. ನಮ್ಮಲ್ಲಿ ರಾತ್ರಿ ಊಟ ಆಗಿ ಪಾತ್ರೆ ತಿಕ್ಕಿದ ಮೇಲೆ. ಜೋಳದ ಸುಗ್ಗಿ ಬಂದರೆ ತರಗತಿ ಇಲ್ಲ. ಗೋವಾ ಕಡೆ ಗುಳೆ ಹೋದ ಮನೆಯವರು ತಿಂಗಳುಗಟ್ಟಲೆ ಬರೋದಿಲ್ಲ, ಬಂದಾಗ ಬಿಟ್ಟ ಕಡೆಯಿಂದ ಶುರು. ಹಾಜರಿ ಪುಸ್ತಕ ನೋಡಿದವರಿಗೆ ಇದು ಚೆಂದ ಕಾಣೋದಿಲ್ಲ, ಬಿಡಿ.

ಇನ್ನೊಂದು ವಿಷಯ, ಕಣ್ಣು. ‘ನನ್ನ ತಲೀಗೆ ಹತ್ತಂಗಿಲ್ಲವ್ವ’ ಅಂತ ಎದ್ದು ಹೋಗುವವರಲ್ಲಿ ಎಷ್ಟೋ ಮಂದಿಗೆ ತಲೆ ಚೆನ್ನಾಗೇ ಇರುತ್ತದೆ, ಹತ್ತಿರದ್ದು ಕಾಣುತ್ತಿರೋದಿಲ್ಲ. ನಲವತ್ತು ದಾಟಿದ ಮೇಲೆ ಬಹುತೇಕ ಎಲ್ಲರಿಗೂ ಆಗುವ ತೊಂದರೆ ಇದು. ದಿನವಿಡೀ ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಿ ಬಂದವರಿಗೆ ಮಂದ ಬೆಳಕಿನಲ್ಲಿ ಸಣ್ಣ ಅಕ್ಷರ ಹೇಗೆ ಕಾಣಬೇಕು? ನಾನು ಪುಸ್ತಕ ಕೊಡೋಕೆ ಮೊದಲು ಸೂಜಿ, ದಾರ ಕೊಟ್ಟು ಪೋಣಿಸಿ ಅಂತ ಹೇಳುತ್ತೇನೆ. ಕೈಯನ್ನು ಉದ್ದ ಚಾಚಿ ಕಣ್ಣು ಕಿರಿದು ಮಾಡಿದರೆ ಗೊತ್ತಾಯಿತು, ಚಾಳೀಸು, ಅಂದರೆ ಓದುವ ಕನ್ನಡಕ ಬೇಕು. ಚಾಳೀಸು ಬಂದ ವಾರದಲ್ಲೇ ಆಕೆಯ ತಲೆಗೂ ಅಕ್ಷರ ಹತ್ತುತ್ತದೆ. ಸ್ಲೇಟು ಬಳಪ ಮಾತ್ರ ಕೊಡಬೇಡಿ. ಅದು ಮಕ್ಕಳದು ಅಂತ ಅವರಿಗೆ ನಾಚಿಕೆ. ನೋಟ್‌ಬುಕ್ಕು, ಪೆನ್ನು ಕೊಡಿ.

ಹೆಸರು ಬರೆಯೋಕೆ ಬಂದ ಮೇಲೆ ಏನು? ಇಲ್ಲಿ ಬಹಳ ಕಡೆ ತರಗತಿ ನಿಂತು ಬಿಡುತ್ತದೆ. ಸಹಿ ಬಂತು, ಸಾಕ್ಷರರಾದರು, ಫೋಟೋ ತೆಗೆದರು. ಸಹಿ ಸಣ್ಣದಲ್ಲ, ಬ್ಯಾಂಕಿನಲ್ಲಿ ಸ್ಯಾಹಿ ಡಬ್ಬಿ ಸರಿಸಿ ಪೆನ್ನು ಕೇಳುವಾಗಿನ ಮುಖ ನಾನು ನೋಡಿದ್ದೇನೆ. ಆದರೆ ಈಗ ರೇಷನ್ ಅಂಗಡಿಯಲ್ಲಿ ಸಹಿ ಬರುವವರೂ ಮಷೀನಿಗೆ ಹೆಬ್ಬೆಟ್ಟೇ ಒತ್ತಬೇಕು. ಕಳೆ ತೆಗೆದು ಸವೆದ ಬೆರಳನ್ನು ಮಷೀನು ಗುರುತು ಹಿಡಿಯದೆ ಮತ್ತೆ ಮತ್ತೆ ಒತ್ತಿಸುತ್ತದೆ. ಸಹಿಗಾಗಿ ಕಲಿತದ್ದೇ ಆದರೆ ಕಲಿತದ್ದು ದಂಡ. ಮಷೀನಿನಿಂದ ಬರುವ ಚೀಟಿಯಲ್ಲಿ ಎಷ್ಟು ಕೆ.ಜಿ. ಅಂತ ಬರೆದಿದೆ, ಚೀಲದಲ್ಲಿ ಎಷ್ಟಿದೆ, ಇದನ್ನು ಹೋಲಿಸಿ ನೋಡೋಕೆ ಬಂದರೆ ಅದು ಕಲಿಕೆ.

ಅದಕ್ಕೇ ನಮ್ಮ ಎರಡನೇ ಪುಸ್ತಕ ಅವರವರ ಮನೆಯ ಕಾಗದ. ‘ಟ್ರಂಕಿನಾಗ ಏನೇನ ಚೀಟಿ ಅದಾವ, ಎಲ್ಲ ತರ್ರಿ’ ಎಂದೆ. ಕರೆಂಟ್ ಬಿಲ್, ಪಾಸ್‌ಬುಕ್, ಸಂಘದ ಸಾಲದ ಕಾರ್ಡು, ನರೇಗಾ ಜಾಬ್ ಕಾರ್ಡು, ಮದುವೆ ಕರೆಯೋಲೆ ಎಲ್ಲ ಬಂದವು. ಒಬ್ಬರು ಯಾವಾಗಲೋ ತೀರಿಸಿದ ಸಾಲದ ಕಾಗದವನ್ನು ಇನ್ನೂ ಬಾಕಿ ಇದೆ ಎನ್ನುವ ಭಯದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ‘ಸಂದಾಯವಾಗಿದೆ’ ಎನ್ನುವ ಮುದ್ರೆಯನ್ನು ಅಕ್ಷರ ಕೂಡಿಸಿ ಅವರೇ ಓದಿದರು. ಎರಡು ಸಲ ಓದಿದರು. ಅವತ್ತು ಬೇರೆ ಪಾಠ ಮಾಡಲಿಲ್ಲ.

ಕಲಿಯುವವರ ಬದುಕಿನ ಮಾತಿನಿಂದಲೇ ಓದು ಶುರುವಾಗಬೇಕು ಅನ್ನೋದು ನನ್ನ ಹೊಸ ಶೋಧ ಏನಲ್ಲ. ಬ್ರೆಜಿಲ್ ದೇಶದ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ಕೂಲಿಕಾರರಿಗೆ 40 ಗಂಟೆಯ ಪಾಠದಲ್ಲಿ ಓದು ಬರಹ ಕಲಿಸೋಕೆ ಹೊರಟದ್ದು ಹೀಗೇ, ಅವರ ದಿನಬಳಕೆಯ ಪದಗಳಿಂದ. ಅಲ್ಲಿ ಆಗ ಓದು ಬಾರದವರಿಗೆ ಮತ ಹಾಕುವ ಹಕ್ಕೇ ಇರಲಿಲ್ಲ. ಹಾಗಾಗಿ ಅಕ್ಷರ ಅಂದರೆ ಓಟು. ನಮ್ಮಲ್ಲಿ 1951–52ರ ಮೊದಲ ಚುನಾವಣೆಯಿಂದಲೇ ಎಲ್ಲರಿಗೂ ಓಟು, ಅದಕ್ಕೇ ಪಕ್ಷಗಳಿಗೆ ಚಿತ್ರದ ಗುರುತು. ಓಟು ಹಾಕೋಕೆ ನಮ್ಮ ಆಯಿಗಳಿಗೆ ನನ್ನ ಸಾಲಿ ಬೇಕಿಲ್ಲ. ಓಟು ಹಾಕಿದ ಮೇಲೆ ಗ್ರಾಮಸಭೆಯಲ್ಲಿ ಕೂತು, ಓದಿ ಹೇಳಿದ ಪಟ್ಟಿಯಲ್ಲಿ ತನ್ನ ಹೆಸರು ಯಾಕಿಲ್ಲ ಅಂತ ಕೇಳೋಕೆ ಬೇಕು.

ಲೆಕ್ಕದ ವಿಷಯಕ್ಕೆ ಬಂದರೆ ಅವರೇ ನನಗೆ ಅಕ್ಕೋರು. 2024–25ರಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಆರು ದಿನಕ್ಕೆ ಎಷ್ಟು ಅಂತ ಬೋರ್ಡಿನ ಮೇಲೆ ಗುಣಾಕಾರ ಹಾಕುತ್ತಿದ್ದೆ. ನಾನು ದಶಕ ಕೂಡಿಸೋದರೊಳಗೆ ಹಿಂದಿನಿಂದ ಮಾತು ಬಂತು: ‘ಮುನ್ನೂರೈವತ್ತರಂಗ ಆರು ದಿನಕ್ಕ ಎರಡು ಸಾವಿರದ ನೂರು. ಅದರಾಗ ಆರು ರೂಪಾಯಿ ತಗದ್ರ ಆತು.’ 2094. ಇಂಥವರಿಗೆ ಒಂದು ಎರಡು ಎಣಿಸೋಕೆ ಕಲಿಸೋದು ಅಂದರೆ ಅವಮಾನ. ಅವರ ಬಾಯಿಲೆಕ್ಕವನ್ನು ಕಾಗದದ ಮೇಲೆ ಇಳಿಸೋದಷ್ಟೇ ನನ್ನ ಕೆಲಸ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದರೆ ಹತ್ತು ಸಾವಿರಕ್ಕೆ ವರ್ಷಕ್ಕೆ 2400 ಅಂತ ಬರೆದು ತೋರಿಸಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಾತೋ ಮಾತು, ಯಾರು ಯಾರಲ್ಲಿ ಎಷ್ಟು ಸಾಲ ಮಾಡಿದ್ದಾರೆ ಅಂತ.

ಸಾಕ್ಷರ ಭಾರತ 2018ರಲ್ಲಿ ಮುಗಿಯಿತು. ಗೌರವಧನ ನಿಂತಿತು, ಬರುವವರು ನಿಲ್ಲಲಿಲ್ಲ. 2022ರಲ್ಲಿ ಬಂದ ಉಲ್ಲಾಸ್ ಕಾರ್ಯಕ್ರಮದಲ್ಲಿ ಕಲಿಸುವವರೆಲ್ಲ ಸ್ವಯಂಸೇವಕರು, 15 ವರ್ಷ ದಾಟಿದ ಯಾರು ಬೇಕಾದರೂ ಕಲಿಯಬಹುದು. ಕೊನೆಗೆ 150 ಅಂಕದ ಪರೀಕ್ಷೆ: ಓದು, ಬರಹ, ಲೆಕ್ಕ ತಲಾ 50. ಪರೀಕ್ಷೆ ದಿನ ಇಳಕಲ್ಲ ಸೀರೆ ಉಟ್ಟು, ಮೊಮ್ಮಕ್ಕಳನ್ನು ಕರಕೊಂಡು ಜಾತ್ರೆಗೆ ಬಂದಂತೆ ಬರುತ್ತಾರೆ. ಮೊಮ್ಮಕ್ಕಳು ಕಿಟಕಿಯಿಂದ ಉತ್ತರ ಹೇಳಿಕೊಡದಂತೆ ಕಾಯೋದೇ ನನಗೆ ದೊಡ್ಡ ಕೆಲಸ.

ಇತ್ತೀಚೆಗೆ ಹೊಸಬರು ಬರೋದಕ್ಕೆ ಬೇರೆ ಕಾರಣಗಳಿವೆ. 2023ರ ಜೂನ್‌ನಲ್ಲಿ ಬಸ್ಸು ಉಚಿತ ಆದ ಮೇಲೆ ಒಬ್ಬೊಬ್ಬರೇ ಕೂಡಲಸಂಗಮ, ಬಾದಾಮಿ ಬನಶಂಕರಿ ಅಂತ ಹೊರಟರು, ಬೋರ್ಡು ಓದೋಕೆ ಬರಬೇಕಲ್ವಾ? ಗೃಹಲಕ್ಷ್ಮಿಯ 2000 ರೂಪಾಯಿ ಬಂತೋ ಇಲ್ಲವೋ ಅಂತ ಮಗನ ಫೋನಿಗೆ ಕಾಯೋದು ಬೇಡ ಅನ್ನುವವರು ಇನ್ನೂ ಜಾಸ್ತಿ. ಬ್ಯಾಂಕಿನ ಮೆಸೇಜು ಇಂಗ್ಲಿಷಿನಲ್ಲಿ ಬರೋದರಿಂದ ಜಮಾ, ಖರ್ಚಿನ ಇಂಗ್ಲಿಷ್ ಪದಗಳ ಗುರುತೂ ಕಲಿಸಬೇಕಾಯಿತು. ‘ಫೋನೇ ಓದಿ ಹೇಳ್ತದ, ಕಲಿಯೋದು ಯಾಕ?’ ಅಂತ ಕೇಳುವ ಹುಡುಗರಿದ್ದಾರೆ. ನಾಲ್ಕು ಮಂದಿ ನಿಂತ ಅಂಗಡಿಯಲ್ಲಿ ತನ್ನ ಖಾತೆಯಲ್ಲಿ ಎಷ್ಟಿದೆ ಅಂತ ಫೋನು ಕೂಗಿ ಹೇಳೋದು ಯಾವ ಹೆಂಗಸಿಗೂ ಇಷ್ಟ ಆಗೋದಿಲ್ಲ.

ಗಂಡಸರದು ಬೇರೆ ಕಥೆ. ಸಾಲಿ ಅಂದರೆ ಬರೋದೇ ಇಲ್ಲ. ಬಂದದ್ದು ಟ್ರ್ಯಾಕ್ಟರ್ ಓಡಿಸುವ ಹುಡುಗರು. ಗಾಡಿ ಬರುತ್ತದೆ, ಲೈಸೆನ್ಸಿನ ಪ್ರಶ್ನೆ ಓದೋಕೆ ಬರೋದಿಲ್ಲ. ಅವರಿಗೆ ‘ವ್ವ’ ಇಲ್ಲ, ರಸ್ತೆ ಪಕ್ಕದ ಬೋರ್ಡುಗಳಿಂದ ಶುರು. ದೊಡ್ಡವ್ವಗಳ ಎದುರು ತಪ್ಪು ಓದೋಕೆ ಸುತಾರಾಂ ಒಪ್ಪಲಿಲ್ಲ. ಅವರಿಗೆ ರವಿವಾರ ಬೆಳಿಗ್ಗೆ ಬೇರೆ ಗುಂಪು ಮಾಡಿದ್ದೇನೆ.