ತೊಗರಿ ಕೈ ಕೊಟ್ಟ ವರ್ಷ ಮನಿ ಖರ್ಚು ಹ್ಯಾಂಗ ಸಂಭಾಳಿಸಬೇಕು

ನಮ್ಮ ಕಲಬುರಗಿ ಕಡಿ ಮಂದಿಗಿ ರೊಕ್ಕದ ಬಿಕ್ಕಟ್ಟು ಬರ್ಲಿಕತ್ತದ ಅಂತ ಟಿವಿ ನೋಡಿ ಗೊತ್ತಾಗಲ್ರಿ, ಗಂಜ್‌ನ್ಯಾಗ, ಅಂದ್ರ ಕಾಳುಕಡಿ ಮಾರೋ ಮಾರ್ಕೆಟ್‌ನ್ಯಾಗ, ತೊಗರಿ ನೋಡಿದ್ರ ಗೊತ್ತಾಗ್ತದ. 2025ರ ಮಳಿಗಾಲದಾಗ ಭೀಮಾ ನದಿ ಉಕ್ಕಿ ಹೊಲದಾಗ ನೀರು ನಿಂತು ತೊಗರಿ, ಹತ್ತಿ, ಹೆಸರು ಎಷ್ಟೋ ಮಂದಿದು ಹಾಳಾಯ್ತು. ರೈತರ ಕೈಯಾಗ ರೊಕ್ಕ ಓಡಾಡಲಿಲ್ಲಂದ್ರ ಸೂಪರ್ ಮಾರ್ಕೆಟ್ ಏರಿಯಾದ ಬಟ್ಟಿ ಅಂಗಡಿ, ಬೈಕ್ ಶೋರೂಮ್, ಗೌಂಡಿ ಕೆಲಸ, ಆಟೋ, ಎಲ್ಲಾ ಒಂದರ ಹಿಂದ ಒಂದು ತಣ್ಣಗಾಗ್ತಾವ. ಹಂಗಾಗಿ ನಿಮಗ ಹೊಲ ಇರ್ಲಿ ಬಿಡ್ಲಿ, ಅಂಗಡ್ಯಾಗ ಪಗಾರಕ್ಕ ಇದ್ರೂ ತೊಗರಿ ಕೆಟ್ಟ ವರ್ಷ ಮನಿ ಹಿಸಾಬು ಬದಲು ಮಾಡ್ಲೇಬೇಕು.

ಇಂಥ ಟೈಮಿಗಿ ಭಾಳ ಮಂದಿ ಮೊದಲು ಹಾಲು ಕಮ್ಮಿ ಮಾಡ್ತಾರ, ಕಾಯಿಪಲ್ಯ ಕಮ್ಮಿ ಮಾಡ್ತಾರ, ಹುಡುಗರ ತತ್ತಿ ಬಾಳೆಹಣ್ಣು ಬಂದ್ ಮಾಡ್ತಾರ. ದಯವಿಟ್ಟು ಹಂಗ ಮಾಡ್ಬ್ಯಾಡ್ರಿ. ಹೊಟ್ಟಿ ಕಟ್ಟಿ ತಿಂಗಳಿಗಿ ನಾಕೈದು ನೂರು ಉಳಿಸಿ ಅದರ ಐದು ಪಟ್ಟು ಬಡ್ಡಿಗಿ ಕೊಡೋ ಮನಿಗಳು ನಮ್ಮಲ್ಲಿ ಭಾಳ ಅವ. ಮೊದಲು ಕಡಿಬೇಕಾದ್ದು ಬಡ್ಡಿ, ಆಮ್ಯಾಲ ಉದ್ರಿ, ತಾಟಿಗಿ ಕೈ ಹಚ್ಚೋದು ಎಲ್ಲದರ ಕೊನಿಗಿ.

ಒಂದು ನೋಟ್‌ಬುಕ್ ತಗೋರಿ, ಗಂಡ ಹೆಂಡ್ತಿ ಇಬ್ರೂ ಕೂತು ಯಾರಿಗಿ ಎಷ್ಟು ಕೊಡೋದದ, ನೂರಕ್ಕ ಎಷ್ಟರಂಗ ಬಡ್ಡಿ, ಯಾವತ್ತು ಕೊಡೋದು ಅಂತ ಬರೀರಿ. ಗಂಡ ಫೈನಾನ್ಸ್‌ನ್ಯಾಗ ತಗೊಂಡಿದ್ದು ಹೆಂಡ್ತಿಗಿ ಗೊತ್ತಿರಲ್ಲ, ಹೆಂಡ್ತಿ ಸಂಘದಾಗ ತಗೊಂಡಿದ್ದು ಗಂಡಗ ಗೊತ್ತಿರಲ್ಲ, ಅದಕ್ಕ ಇಬ್ರೂ ಕೂಡಬೇಕು ಅನ್ನೋದು, ಆವತ್ತು ಜಗಳ ಆದ್ರೂ ಚಿಂತಿಲ್ಲ. ಬರದಾದ ಮ್ಯಾಲ ಯಾವ ಸಾಲದ ಬಡ್ಡಿ ಎಲ್ಲಕ್ಕಿಂತ ಜಾಸ್ತಿ ಅದನೋ ಅದನ್ನ ಮೊದಲು ತೀರಿಸ್ರಿ, ಉಳಿದವಕ್ಕ ಕಂತು ತಪ್ಪದಂಗ ನೋಡ್ಕೋರಿ ಸಾಕು.

ಲೆಕ್ಕ ನೋಡ್ರಿ. ಖಾಸಗಿಯವರ ಹತ್ರ ನೂರಕ್ಕ ಐದರಂಗ 50,000 ತಗೊಂಡ್ರ ತಿಂಗಳಿಗಿ 2,500 ಬಡ್ಡಿ, ವರ್ಷಕ್ಕ 30,000, ಅಸಲು ಹಂಗೇ ಕೂತಿರ್ತದ. ಅದೇ ಮನ್ಯಾಗ ಅಲ್ಮಾರಿನಾಗ ಬಂಗಾರ ಇಟ್ಕೊಂಡು ಕೂತಿರ್ತೀವಿ, ಬ್ಯಾಂಕಿನಾಗ ಬಂಗಾರದ ಮ್ಯಾಲ ಸಾಲಕ್ಕ ವರ್ಷಕ್ಕ ಶೇಕಡಾ 10ರ ಆಸುಪಾಸು ಅಂತ ಹಿಡಿದ್ರ 50,000ಕ್ಕ 5,000 ಆಗ್ತದ. ವರ್ಷಕ್ಕ 25,000 ಫರಕ್! ಬಂಗಾರ ಇಟ್ಟು ಮೊದಲು ಆ ಐದರ ಸಾಲ ಹರಿರಿ, ಮಂದಿ ಏನಂತಾರ ಅಂತ ನೋಡ್ಬ್ಯಾಡ್ರಿ. ಒಂದೇ ಎಚ್ಚರ, ಬಂಗಾರದ ಸಾಲಕ್ಕ ಅವಧಿ ಇರ್ತದ, ಆ ತಾರೀಖು ನೋಟ್‌ಬುಕ್‌ನ್ಯಾಗ ಬರಕೊಂಡಿರ್ರಿ, ನೋಟಿಸ್ ಬಂದ್ರೂ ಸುಮ್ಮನಿದ್ರ ಹರಾಜಿಗಿ ಹೋಗ್ತದ.

ಡೇಲಿ ಕಲೆಕ್ಷನ್ ಸಾಲ ಅಂತೂ ಇನ್ನೂ ಮೋಸ ಅನಸ್ತದ ನನಗ. 10,000 ಅಂತ ಬರಕೊಂಡು 1,000 ಮೊದಲೇ ಹಿಡಕೊಂಡು 9,000 ಕೈಗಿ ಕೊಡ್ತಾರ, ದಿನಾ 100 ರೂಪಾಯಿ 100 ದಿನ ಕಟ್ರಿ ಅಂತಾರ. ಬರೇ ಸಾವಿರ ಅಲ್ಲೇನು ಅನಸ್ತದ, ಆದ್ರ ಅಸಲು ದಿನಾ ಕಮ್ಮಿ ಆಗ್ತಾ ಹೋಗ್ತದಲ್ಲ, ಸರಿಯಾಗಿ ಲೆಕ್ಕ ಹಾಕಿದ್ರ ವರ್ಷಕ್ಕ ಶೇಕಡಾ 75ರ ಮ್ಯಾಲ ಬಡ್ಡಿ ಬೀಳ್ತದ. ಮೈಕ್ರೋಫೈನಾನ್ಸ್ ಸಾಲಕ್ಕ ಆರ್‌ಬಿಐ ರೂಲ್ ಅದ, ಮನಿಯ ಎಲ್ಲಾ ಸಾಲದ ಕಂತು ಕೂಡಿ ತಿಂಗಳ ಆದಾಯದ ಅರ್ಧ ದಾಟಬಾರದು, ಮತ್ತ ಅವಧಿಗಿಂತ ಮೊದಲೇ ತೀರಿಸಿದ್ರ ದಂಡ ಹಾಕೋಹಂಗಿಲ್ಲ. ವಸೂಲಿಗಿ ಬಂದವರು ಮನಿ ಮುಂದ ಕೂತು ಬೈದು ಮರ್ಯಾದಿ ತಗದ್ರ ಹೆದರಬ್ಯಾಡ್ರಿ, ಪೊಲೀಸ್ ಸ್ಟೇಷನ್‌ಗಿ ಹೋಗಿ ಕಂಪ್ಲೇಂಟ್ ಕೊಡ್ರಿ, 2025ರಾಗ ರಾಜ್ಯ ಸರ್ಕಾರ ಇದಕ್ಕಂತೇ ಕಾನೂನು ತಂದದ, ಬಲವಂತದ ವಸೂಲಿಗಿ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಅದ.

ಈಗ ಕಿರಾಣಿ. ಉದ್ರಿ ಬುಕ್ ಇದ್ದ ಅಂಗಡ್ಯಾಗ ನಾವು ರೇಟ್ ಕೇಳಲ್ಲ, ಕೇಳ್ಲಿಕ್ಕ ಬಾಯೇ ಬರಲ್ಲ. ಹಳೇ ಬಾಕಿ ತಿಂಗಳಿಗಿ ಇಷ್ಟು ಅಂತ ಅಂಗಡಿಯವರ ಜೊತಿ ಮಾತಾಡಿ ಇಳಿಸ್ರಿ, ಹೊಸದು ನಗದು ಕೊಟ್ಟೇ ತರ್ರಿ, ಕಮ್ಮಿ ತಂದ್ರೂ ನಡೀತದ.

ಕಾಳುಕಡಿ ಮಾತ್ರ ಸುಗ್ಗಿಯಾಗ ತಗೊಂಡವರೇ ಗೆದ್ದಂಗ. ಹೊಸ ತೊಗರಿ ಡಿಸೆಂಬರ್ ಜನವರಿಯಿಂದ ಬರ್ತದ, ಹಿಂಗಾರಿ ಬಿಳಿಜೋಳ ಫೆಬ್ರವರಿ ಮಾರ್ಚ್‌ಗಿ. ಅವಾಗ ಒಬ್ಬರಿಗಿ ಚೀಲ ತರೋದು ಆಗ್ಲಿಲ್ಲಂದ್ರ ಓಣ್ಯಾಗ ಮೂರ್ನಾಕು ಮನಿಯವರು ಕೂಡಿ ಒಂದು ಚೀಲ ತಂದು ಹಂಚಕೋರಿ. 2019ರಾಗ ಜಿಐ ಟ್ಯಾಗ್ (ಈ ಊರಿಂದೇ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕ ನಮ್ಮ ಊರಿನ ಬ್ಯಾಳಿನ್ನೇ ಅರ್ಧ ಕಿಲೋ ಪಾಕೀಟಿನಾಗ ಜಾಸ್ತಿ ರೊಕ್ಕ ಕೊಟ್ಟು ಯಾಕ ತರ್ಬೇಕು, ಮಿಲ್ ಹತ್ರ ಬಿಡಿಯಾಗಿ ಸಿಗ್ತದ, ಒಡದ ಬ್ಯಾಳಿ ಆದ್ರ ಇನ್ನೂ ಸೋವಿ, ಸಾರಿಗಿ ಕುದ್ದ ಮ್ಯಾಲ ಎಲ್ಲಾ ಒಂದೇ. ತಂದದ್ದನ್ನ ಎರಡು ದಿನ ಚಲೋ ಬಿಸಿಲಿಗಿ ಹಾಕಿ, ಬ್ಯಾಳಿಗಿ ಸ್ವಲ್ಪ ಔಡಲೆಣ್ಣಿ ತಿಕ್ಕಿ, ಜೋಳದಾಗ ಒಣಗಿದ ಬೇವಿನೆಲಿ ಹಾಕಿ ಡಬ್ಬಿ ಗಟ್ಟಿ ಮುಚ್ಚಿ ಇಡ್ರಿ, ಹುಳ ಹತ್ತಲ್ಲ. ಆದ್ರ ಸಾಲ ಮಾಡಿ ಚೀಲ ತರಬ್ಯಾಡ್ರಿ, ಉಳಿಸಿದ್ದು ಬಡ್ಡಿಗೇ ಹೋಗ್ತದ.

ಅಡಗಿ ವಿಷಯದಾಗ ನಾವು ಹೊಸದೇನೂ ಕಲಿಬೇಕಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಝುಣಕ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಇವು ಸೋವಿನೂ ಹೌದು ಹೊಟ್ಟಿಗಿ ಕಸುವೂ ಹೌದು. ಒಮ್ಮೆಗೇ ರೊಟ್ಟಿ ಬಡದು ಬಿಸಲಾಗ ಒಣಗಿಸಿ ಕಡಕ್ ಮಾಡಿಟ್ರ ಗ್ಯಾಸೂ ಉಳೀತದ, ಮುಂಜಾನಿ ಕೆಲಸಕ್ಕ ಹೋಗೋರು ಹೋಟೆಲ್ ನಾಷ್ಟಾ ಬಿಡಬಹುದು. ಅನ್ನಭಾಗ್ಯದ ಅಕ್ಕಿ ಚಿಲ್ಲರ ರೊಕ್ಕಕ್ಕ ಮಾರೋರು ಅವರ, ಅದು ಅಪರಾಧನೂ ಹೌದು ಲುಕ್ಸಾನೂ ಹೌದು, ಇಡ್ಲಿ ದ್ವಾಸಿಗಿ ರುಬ್ಬಲಿಕ್ಕ ಅದೇ ಅಕ್ಕಿ ಚಲೋ ಆಗ್ತದ.

ಕರೆಂಟು ಬೇಸಿಗಿ ಬಂದಾಗ ಕೈ ಸುಡ್ತದ. ಗೃಹಜ್ಯೋತಿ 2023ರ ಆಗಸ್ಟ್ 5ಕ್ಕ ನಮ್ಮ ಕಲಬುರಗಿಯಾಗೇ ಉದ್ಘಾಟನೆ ಆಗಿದ್ದು, ಆದ್ರ 200 ಯೂನಿಟ್ ಎಲ್ಲರಿಗಿ ಫ್ರೀ ಅಂತ ತಿಳಕೊಂಡವರು ಇನ್ನೂ ಅವರ. ಹಂಗಲ್ರಿ. ನಿಮ್ಮ 2022-23ರ ಸರಾಸರಿ ಬಳಕಿ, ಅದರ ಮ್ಯಾಲ ಶೇಕಡಾ 10, ಸಾಮಾನ್ಯವಾಗಿ ಅದು ನಿಮ್ಮ ಲಿಮಿಟ್. ಅದನ್ನ ದಾಟಿದ್ರ ದಾಟಿದಷ್ಟಕ್ಕ ಬಿಲ್ ಬರ್ತದ, 200 ದಾಟಿತಂದ್ರ ಪೂರಾ ಬಿಲ್ ನಿಮ್ಮ ತಲಿ ಮ್ಯಾಲ. ಅದಕ್ಕ ಏಪ್ರಿಲ್ ಮೇದಾಗ ವಾರಕ್ಕೊಮ್ಮೆ ಮೀಟರ್ ನೋಡ್ರಿ. 75 ವ್ಯಾಟಿನ ಹಳೇ ಫ್ಯಾನ್ ದಿನಾ 20 ತಾಸು ತಿರುಗಿದ್ರ ತಿಂಗಳಿಗಿ 45 ಯೂನಿಟ್, ಕರೆಂಟ್ ಕಮ್ಮಿ ತಿನ್ನೋ ಹೊಸ ನಮೂನಿ ಬಿಎಲ್‌ಡಿಸಿ ಫ್ಯಾನ್, 30 ವ್ಯಾಟಿಂದು ಆದ್ರ 18. ಬ್ಯಾಸಿಗಿಯಾಗ ಹಗಲು ರಾತ್ರಿ ತಿರಗೋ ಒಂದು ಫ್ಯಾನ್ ಬದಲಿಸಿದ್ರೂ ಸಾಕು ನೋಡ್ರಿ.

ಬಸ್ಸಿನ ವಿಷಯ ಎಲ್ಲರಿಗಿ ಗೊತ್ತದ, ದವಾಖಾನಿ, ಸಂತಿ, ತವರುಮನಿಗಿ ಹೆಣ್ಮಕ್ಕಳೇ ಹೋಗಿ ಬಂದ್ರ ಕೆಕೆಆರ್‌ಟಿಸಿ ಸಾದಾ ಬಸ್ಸಿನಾಗ ಚಾರ್ಜ್ ಇಲ್ಲ, ಸೊಲ್ಲಾಪುರ ಹೈದರಾಬಾದ್‌ಗಿ ಮಾತ್ರ ಟಿಕೆಟ್ ತಗೀಬೇಕು. ಗೃಹಲಕ್ಷ್ಮಿ 2,000 ನಂಬಿ ಯಾವ ಕಂತೂ ಶುರು ಮಾಡ್ಬ್ಯಾಡ್ರಿ, ಅದು ಬರೋದು ತಡ ಆಗ್ತದ, ಬಂದಾಗ ಅದನ್ನ ಬ್ಯಾರೆ ಅಕೌಂಟಿನಾಗ ಹಂಗೇ ಬಿಟ್ರ ಅದೇ ನಿಮ್ಮ ಆಪತ್ತಿನ ಗಂಟು. ಭಿಸಿ (ಚೀಟಿ) ಹಾಕೋದಿದ್ರೂ ಪರಿಚಯದವರ ಸಣ್ಣ ಭಿಸಿ ಸಾಕು, ಕೆಟ್ಟ ವರ್ಷ ದೊಡ್ಡ ಭಿಸಿಗಳೇ ಮೊದಲು ಮುಳುಗೋದು.

ಲಗ್ನ ಇದ್ರ ಮಠದಾಗ ಸಾಮೂಹಿಕದಾಗ ಮಾಡ್ರಿ, ಅದರಾಗ ಯಾವ ಕಮ್ಮಿನೂ ಇಲ್ಲ.

ಎಲ್ಲಾ ಸರಿ ಮಾಡಿದ ಮನಿನೂ ಒಂದು ದವಾಖಾನಿ ಖರ್ಚಿಗಿ ಮಕಾಡೆ ಬೀಳ್ತದ. ಬಿಪಿಎಲ್ ಕಾರ್ಡಿದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿಡ್ರಿ, ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ಅದ, ಬ್ಯಾನಿ ಬಂದ ಮ್ಯಾಲ ಓಡಾಡೋದಲ್ಲ ಈಗೇ ಮಾಡಿಸ್ರಿ. ಬಿಪಿ ಶುಗರ್ ಗುಳಗಿ ಜನೌಷಧಿ ಅಂಗಡ್ಯಾಗ ಭಾಳ ಸೋವಿ ಸಿಗ್ತಾವ, ಚೀಟಿ ತೋರಿಸಿ ಅದೇ ಔಷಧ ಹೌದೋ ಅಲ್ಲೋ ಡಾಕ್ಟರಿಗಿ ಒಮ್ಮೆ ಕೇಳ್ಕೋರಿ. ಬ್ಯಾಂಕಿನಾಗ ವರ್ಷಕ್ಕ 20 ರೂಪಾಯಿದು ಆಕ್ಸಿಡೆಂಟ್ ವಿಮಾ, 436 ರೂಪಾಯಿದು ಜೀವ ವಿಮಾ ಅವ, ಎರಡೂ 2 ಲಕ್ಷದ್ದು. ದುಡಿಲಿಕ್ಕ ಪುಣೆ ಮುಂಬೈಗಿ ಹೋದವರ ಹೆಸರಿನ್ಯಾಗಂತೂ ಬೇಕೇ ಬೇಕು. ಇವು ಜೂನ್ 1ರಿಂದ ಮೇ 31ರ ತನಕ ನಡೀತಾವ, ಅಕೌಂಟಿನಾಗ ರೊಕ್ಕ ಇಲ್ಲಂದ್ರ ಕಟ್ ಆಗಲ್ಲ, ವಿಮಾನೂ ಬಂದ್ ಆಗ್ತದ, ಹಂಗಾಗಿ ಮೇ ಮುಗಿಯೋದರೊಳಗ 456 ರೂಪಾಯಿ ಅದರಾಗ ಬಿಟ್ಟಿರ್ರಿ.