ಪಿ53 ಪ್ರೋಟೀನಿನ ಒಡನಾಟಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸುವ ಕ್ರಮ

ಹಾಸನದ ಕಾಲೇಜುಗಳಲ್ಲಿ ಜೀವವಿಜ್ಞಾನ ಓದುವ ವಿದ್ಯಾರ್ಥಿಗಳಿಗೆ, ಕ್ಯಾನ್ಸರ್ ಬಾರದಂತೆ ಕೋಶವನ್ನು ಕಾಯುವ ಪಿ53 ಪ್ರೋಟೀನಿನ ಕುರಿತು ಸೆಮಿನಾರ್ ಕೊಡುವ ಸರದಿ ಬಂದಾಗ ಅವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ, ಪ್ರೋಟೀನುಗಳ ಒಡನಾಟಗಳನ್ನು ತೋರಿಸುವ ಸ್ಟ್ರಿಂಗ್ ಎಂಬ ದತ್ತಾಂಶ ತಾಣವನ್ನು ತೆರೆದು, ಪ್ರೋಟೀನಿನ ಹೆಸರು ಕೊಟ್ಟು, ಬಣ್ಣದ ಗೆರೆಗಳು ತುಂಬಿದ ಜಾಲಚಿತ್ರವನ್ನು ಹಾಗೆಯೇ ಸ್ಲೈಡಿಗೆ ಅಂಟಿಸುವುದು. ಚಿತ್ರ ನೋಡಲು ಚೆನ್ನಾಗಿರುತ್ತದೆ. ಆದರೆ ಪಿ53 ತನ್ನ ಯಾವ ಭಾಗದಿಂದ ಯಾರನ್ನು ಹಿಡಿಯುತ್ತದೆ, ಯಾವ ಸಂದರ್ಭದಲ್ಲಿ ಹಿಡಿಯುತ್ತದೆ, ಹಿಡಿದ ಮೇಲೆ ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಆ ಚಿತ್ರದಲ್ಲಿ ಉತ್ತರವಿರುವುದಿಲ್ಲ. ನಾನು ತರಗತಿಯಲ್ಲಿ ಅನುಸರಿಸುವ ಕ್ರಮ ಇದಕ್ಕೆ ತದ್ವಿರುದ್ಧವಾದದ್ದು: ಮೊದಲು ಕಾಗದದ ಪಟ್ಟಿ, ಆಮೇಲೆ ಮೂರು ಆಯಾಮದ ರಚನೆ, ಕೊನೆಗೆ ಜಾಲಚಿತ್ರ.

ಮಾನವನ ಪಿ53ರಲ್ಲಿ 393 ಅಮೈನೊ ಆಮ್ಲಗಳಿವೆ. ಎರಡು ಗ್ರಾಫ್ ಹಾಳೆಗಳನ್ನು ಅಂಟಿಸಿ 393 ಮಿಲಿಮೀಟರ್ ಉದ್ದದ ಪಟ್ಟಿಯೊಂದನ್ನು ಕತ್ತರಿಸಿಕೊಳ್ಳಿ. ಒಂದು ಮಿಲಿಮೀಟರಿಗೆ ಒಂದು ಅಮೈನೊ ಆಮ್ಲವೆಂದು ಲೆಕ್ಕವಿಟ್ಟುಕೊಂಡರೆ ಮುಂದಿನ ಎಲ್ಲ ಸಂಖ್ಯೆಗಳೂ ಸ್ಕೇಲಿನ ಮೇಲಿನ ಸಂಖ್ಯೆಗಳೇ ಆಗುತ್ತವೆ. ಇಂಥ ಪಟ್ಟಿಗಳು ನಾಲ್ಕು ಬೇಕು, ಕಾರಣ ಮುಂದೆ ತಿಳಿಯುತ್ತದೆ. ಹೆಸರಿನಲ್ಲಿರುವ 53ಕ್ಕೂ ಈ ಉದ್ದಕ್ಕೂ ಸಂಬಂಧವಿಲ್ಲ. 1979ರಲ್ಲಿ ಈ ಪ್ರೋಟೀನು ಮೊದಲು ಪತ್ತೆಯಾದಾಗ, ಪ್ರೋಟೀನುಗಳನ್ನು ಓಡಿಸಿ ತೂಕ ಅಂದಾಜಿಸುವ ಜೆಲ್ ಮೇಲೆ ಅದು 53 ಕಿಲೋಡಾಲ್ಟನ್ ತೂಕದ್ದೆಂಬಂತೆ ಓಡಿತು. ಪ್ರೋಲೀನ್ ಹೆಚ್ಚಿರುವ ಭಾಗವು ಅದರ ಓಟವನ್ನು ನಿಧಾನಗೊಳಿಸುತ್ತದೆಯೇ ಹೊರತು, ನಿಜವಾದ ತೂಕ ಸುಮಾರು 44 ಕಿಲೋಡಾಲ್ಟನ್ ಮಾತ್ರ.

ಅಮೈನೊ ಆಮ್ಲಗಳ ಅನುಕ್ರಮವನ್ನು ಯೂನಿಪ್ರಾಟ್ ತಾಣದಿಂದ ಪಡೆಯಿರಿ. ಅಲ್ಲಿ ಮಾನವನ ಪಿ53ರ ಗುರುತು ಪಿ04637. ಬರೀ ಹೆಸರಿನಿಂದ ಹುಡುಕಿದರೆ ಇಲಿಯ ಪ್ರೋಟೀನೂ ಎದುರಾಗುತ್ತದೆ. ಅದರ ಉದ್ದ 390 ಮಾತ್ರವಾದ್ದರಿಂದ ಸ್ಥಾನಸಂಖ್ಯೆಗಳು ಹೊಂದುವುದಿಲ್ಲ. ಪ್ರಾಣಿಯನ್ನು ಸರಿಯಾಗಿ ಆರಿಸಿಕೊಳ್ಳುವುದು ಏಕೆ ಮುಖ್ಯವೆಂಬುದಕ್ಕೆ ಸಕಲೇಶಪುರ, ಆಲೂರಿನ ಮಕ್ಕಳಿಗೆ ನಾನು ಆನೆಯ ಉದಾಹರಣೆ ಕೊಡುತ್ತೇನೆ. ಮಾನವನಲ್ಲಿ ಈ ಜೀನು 17ನೇ ವರ್ಣತಂತುವಿನ ಗಿಡ್ಡ ತೋಳಿನ ಮೇಲೆ ಒಂದೇ ಕಡೆ ಇದ್ದರೆ, ಆಫ್ರಿಕಾದ ಆನೆಯ ಜೀನೋಮಿನಲ್ಲಿ ಅದರ ಸುಮಾರು 20 ಪ್ರತಿಗಳಿವೆಯೆಂದು 2015ರಲ್ಲಿ ವರದಿಯಾಯಿತು.

ಈಗ ಪಟ್ಟಿಗೆ ಬಣ್ಣ ಹಚ್ಚಬೇಕು. 1ರಿಂದ 61ರವರೆಗಿನದು ಜೀನನ್ನು ಚಾಲೂ ಮಾಡುವ ಭಾಗ. 64ರಿಂದ 92ರವರೆಗೆ ಪ್ರೋಲೀನ್ ಹೆಚ್ಚಿರುವ ಭಾಗ. 94ರಿಂದ 292ರವರೆಗೆ ಡಿಎನ್‌ಎ ಹಿಡಿಯುವ ತಿರುಳು. 326ರಿಂದ 356ರವರೆಗೆ ನಾಲ್ಕು ಪ್ರತಿಗಳು ಒಂದುಗೂಡುವ ಭಾಗ. 364ರಿಂದ ಕೊನೆಯವರೆಗೆ ಲೈಸೀನ್ ತುಂಬಿರುವ ಬಾಲ. ಮೊದಲ ಭಾಗಕ್ಕೂ ಬಾಲಕ್ಕೂ ತಮ್ಮಷ್ಟಕ್ಕೆ ನಿಶ್ಚಿತ ಆಕಾರವಿಲ್ಲ. ಪ್ರೋಟೀನಿನ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ತಂತ್ರಾಂಶದ ಮಾದರಿಯಲ್ಲಿ ಅವು ಕಡಿಮೆ ನಂಬಿಕೆಯನ್ನು ಸೂಚಿಸುವ ಕಿತ್ತಳೆ, ಹಳದಿ ಬಣ್ಣದಲ್ಲಿ ಕಾಣುವುದು ಈ ಕಾರಣಕ್ಕೆ; ಅಲ್ಲಿನ ಎಳೆಯ ತಿರುವುಗಳನ್ನು ನಿಜವಾದ ಆಕಾರವೆಂದು ಭಾವಿಸಬಾರದು.

ತಿರುಳಿನ ಭಾಗವನ್ನು ನೋಡಲು ಪ್ರೋಟೀನ್ ಡೇಟಾ ಬ್ಯಾಂಕಿನಿಂದ 1994ರಲ್ಲಿ ಪ್ರಕಟವಾದ 1ಟಿಯುಪಿ ರಚನೆಯನ್ನು ಇಳಿಸಿಕೊಳ್ಳಿ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಕರೆಂಟೂ ನೆಟ್‌ವರ್ಕೂ ಯಾವಾಗ ಹೋಗುತ್ತವೆಂದು ಹೇಳಲಾಗದ್ದರಿಂದ ಕಡತಗಳನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು. ಇದರಲ್ಲಿ ಪಿ53ರ ಮೂರು ಪ್ರತಿಗಳು ಕಾಣುತ್ತವೆ. ಮೊದಲ ವರ್ಷ ಇದನ್ನು ತೋರಿಸುವಾಗ ಮೂರೂ ಡಿಎನ್‌ಎಯನ್ನು ಒಂದೇ ರೀತಿ ಹಿಡಿದಿವೆಯೆಂದು ನಾನು ಹೇಳಿದ್ದೆ, ಅದು ತಪ್ಪು. ಬಿ ಎಂದು ಗುರುತಿಸಿದ ಪ್ರತಿ ಮಾತ್ರ ಸರಿಯಾದ ಅನುಕ್ರಮದ ಮೇಲೆ ಕುಳಿತಿದೆ. ಉಳಿದೆರಡು ಆ ನೆಲೆಯಲ್ಲಿಲ್ಲ. ರಚನೆ ತಿಳಿಯಲು ಬೆಳೆಸಿದ ಹರಳಿನಲ್ಲಿ ಪರಸ್ಪರ ತಾಗಿದ್ದೆಲ್ಲವೂ ಜೀವಕೋಶದ ಒಡನಾಟವಲ್ಲ ಎಂಬುದನ್ನು ಇಲ್ಲಿಯೇ ಕಣ್ಣಾರೆ ಕಂಡುಕೊಳ್ಳಿ. ಬಿ ಪ್ರತಿಯಲ್ಲಿ 176, 179, 238, 242ನೇ ಸ್ಥಾನಗಳು ಸೇರಿ ಹಿಡಿದಿರುವ ಸತುವಿನ ಅಯಾನನ್ನು ಹುಡುಕಿ. ಪಟ್ಟಿಯ ಮೇಲೆ ಆರು ಸೆಂಟಿಮೀಟರಿಗಿಂತ ದೂರವಿರುವ ಈ ನಾಲ್ಕು ಗುರುತುಗಳು ಮಡಿಚಿದ ಪ್ರೋಟೀನಿನಲ್ಲಿ ಒಂದೇ ಬಿಂದುವಿನ ಸುತ್ತ ಕೂಡಿರುವುದನ್ನು ನೋಡಿದಾಗ ಮಡಿಕೆಯ ಅರ್ಥ ತಾನಾಗಿಯೇ ತಿಳಿಯುತ್ತದೆ.

ಕ್ಯಾನ್ಸರಿನಲ್ಲಿ ಮತ್ತೆ ಮತ್ತೆ ಕೆಡುವ 175, 245, 248, 249, 273, 282ನೇ ಸ್ಥಾನಗಳಿಗೆ ಕೆಂಪು ಚುಕ್ಕೆ ಇಡಿ. ಇವುಗಳಲ್ಲಿ 248 ಮತ್ತು 273 ನೇರವಾಗಿ ಡಿಎನ್‌ಎಯನ್ನು ಮುಟ್ಟುವಂಥವು, ಉಳಿದವು ಆಕಾರವನ್ನು ಕಾಯುವಂಥವು. ಒಂದು ಗುಂಪು ಕೈಯನ್ನು ಕೆಡಿಸಿದರೆ ಇನ್ನೊಂದು ಮೈಯನ್ನೇ ಕೆಡಿಸುತ್ತದೆ. 249ನೇ ಸ್ಥಾನದ ಅರ್ಜಿನೀನ್ ಸೆರೀನ್ ಆಗುವ ಬದಲಾವಣೆಯು, ಬೂಸ್ಟು ಹಿಡಿದ ಕಡಲೆಕಾಯಿ ಮತ್ತು ಮುಸುಕಿನ ಜೋಳದಲ್ಲಿ ಉಂಟಾಗುವ ಅಫ್ಲಾಟಾಕ್ಸಿನ್ ಹೆಚ್ಚಾಗಿ ಹೊಟ್ಟೆ ಸೇರುವ ಪ್ರದೇಶಗಳ ಯಕೃತ್ತಿನ ಕ್ಯಾನ್ಸರಿನಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಮುಸುಕಿನ ಜೋಳ ಬೆಳೆಯುವ ನಮ್ಮ ಜಿಲ್ಲೆಯಲ್ಲಿ, ತೆನೆಯನ್ನು ಚೆನ್ನಾಗಿ ಒಣಗಿಸಿಡಬೇಕೆಂಬ ಮಾತಿಗೂ ಈ ಕೆಂಪು ಚುಕ್ಕೆಗೂ ಇರುವ ನಂಟನ್ನು ವಿದ್ಯಾರ್ಥಿಗಳು ಮರೆಯುವುದಿಲ್ಲ.

ಇಷ್ಟಾದ ಮೇಲೆ ಒಡನಾಡಿಗಳನ್ನು ಕರೆತನ್ನಿ. ಅತ್ಯಂತ ಹೆಚ್ಚು ಸಮಯ ಕೊಡಬೇಕಾದದ್ದು, ಪಿ53ಅನ್ನು ಹಿಡಿದು ನಾಶಕ್ಕೆ ಒಪ್ಪಿಸುವ ಎಂಡಿಎಂ2 ಎಂಬ ಪ್ರೋಟೀನಿಗೆ. ಪಟ್ಟಿಯ ಮೇಲೆ 19, 23, 26ನೇ ಸ್ಥಾನಗಳನ್ನು ಗುರುತಿಸಿ. ಅವು ಕ್ರಮವಾಗಿ ಫಿನೈಲ್‌ಅಲನೀನ್, ಟ್ರಿಪ್ಟೊಫಾನ್ ಮತ್ತು ಲ್ಯೂಸೀನ್. ಆಲ್ಫಾ ಸುರುಳಿಯ ಒಂದು ಸುತ್ತಿಗೆ ಸರಾಸರಿ 3.6 ಅಮೈನೊ ಆಮ್ಲಗಳು ಬೇಕಾಗುವುದರಿಂದ ನಾಲ್ಕು ಮತ್ತು ಮೂರರ ಅಂತರದಲ್ಲಿರುವ ಈ ಮೂರೂ ಸುರುಳಿಯ ಒಂದೇ ಮಗ್ಗುಲಿಗೆ ಬಂದು, ಎಂಡಿಎಂ2ರ ನೀರೊಲ್ಲದ ತಗ್ಗಿನೊಳಗೆ ಸೇರಿಕೊಳ್ಳುತ್ತವೆ. 1996ರ 1ವೈಸಿಆರ್ ರಚನೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 2004ರಲ್ಲಿ ವರದಿಯಾದ ನಟ್ಲಿನ್ ಎಂಬ ಸಣ್ಣ ಅಣುಗಳು ಈ ಮೂರರ ಜಾಗವನ್ನೇ ಆಕ್ರಮಿಸಿ ಪಿ53ಅನ್ನು ಬಿಡಿಸುತ್ತವೆ.

ಹೀಗೆ ಹಿಡಿದ ಎಂಡಿಎಂ2 ಪಟ್ಟಿಯ ಇನ್ನೊಂದು ತುದಿಯಲ್ಲಿರುವ ಲೈಸೀನ್‌ಗಳಿಗೆ ಯೂಬಿಕ್ವಿಟಿನ್ ಎಂಬ ನಾಶದ ಗುರುತನ್ನು ಅಂಟಿಸುವುದರಿಂದ, ಆರೋಗ್ಯವಂತ ಕೋಶದಲ್ಲಿ ಪಿ53 ಹುಟ್ಟಿದಷ್ಟೇ ಬೇಗ ಕರಗಿಹೋಗುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಎಟಿಎಂ ಎಂಬ ಕಿಣ್ವವು 15ನೇ ಸೆರೀನಿಗೆ ಫಾಸ್ಫೇಟ್ ಸೇರಿಸುತ್ತದೆ, ಸಿಎಚ್‌ಕೆ2 ಎಂಬುದು 20ನೇ ಸೆರೀನಿಗೆ. ಇಂಥ ಗುರುತುಗಳು ಬೀಳುತ್ತ ಹೋದಂತೆ ಎಂಡಿಎಂ2ರ ಹಿಡಿತ ಸಡಿಲಗೊಂಡು, ಅದೇ ಜಾಗಕ್ಕೆ ಪಿ300 ಎಂಬ ಕಿಣ್ವ ಬರುವುದು ಸುಲಭವಾಗುತ್ತದೆ. ಮತ್ತು ಪಿ300 ಬಾಲದ ಅದೇ ಲೈಸೀನ್‌ಗಳಿಗೆ ಅಸಿಟೈಲ್ ಗುಂಪನ್ನು ಸೇರಿಸುತ್ತದೆ. ಪಟ್ಟಿಯ ಮೇಲ್ಬದಿಯಲ್ಲಿ ಎಂಡಿಎಂ2, ಕೆಳಬದಿಯಲ್ಲಿ ಪಿ300 ಎಂದು ಬರೆದು ಎರಡೂ ತುದಿಗಳಿಗೆ ಬಾಣ ಹಾಕಿದರೆ, ಇವೆರಡೂ ಎರಡೂ ಕಡೆ ಪೈಪೋಟಿ ನಡೆಸುವುದು ಒಂದೇ ನೋಟಕ್ಕೆ ಕಾಣುತ್ತದೆ. ಜಾಲಚಿತ್ರದಲ್ಲಿ ಇವೆರಡೂ ಪಿ53ರ ಗೆಳೆಯರಂತೆ ಸಮಾನ ಗೆರೆಗಳಿಂದ ಜೋಡಿಕೊಂಡಿರುತ್ತವೆ. ಎಂಡಿಎಂ2 ಜೀನನ್ನು ಚಾಲೂ ಮಾಡುವುದೂ ಪಿ53 ಆಗಿರುವುದರಿಂದ ಅಲ್ಲೊಂದು ಮರುಬಾಣವನ್ನೂ ಹಾಕಿ.

ಪಿ53 ಹಿಡಿಯುವ ಡಿಎನ್‌ಎ ಅನುಕ್ರಮವನ್ನು ಬರೆಯಲು ಬೇರೊಂದು ಚೀಟಿ ತೆಗೆದುಕೊಳ್ಳಿ. ಮೊದಲು ಎ ಅಥವಾ ಜಿ ಮೂರು, ನಂತರ ಸಿ, ನಂತರ ಎ ಅಥವಾ ಟಿ ಎರಡು, ನಂತರ ಜಿ, ಕೊನೆಗೆ ಸಿ ಅಥವಾ ಟಿ ಮೂರು: ಹೀಗೆ ಹತ್ತು ಅಕ್ಷರಗಳ ಅರ್ಧತಾಣ. ಇಂಥವು ಎರಡು, ನಡುವೆ 0ಯಿಂದ 13 ಅಕ್ಷರಗಳ ಅಂತರ. ನಾಲ್ಕೂ ಪಟ್ಟಿಗಳನ್ನು 326ರಿಂದ 356ರ ಭಾಗದಲ್ಲಿ ಎರಡೆರಡಾಗಿ ಪಿನ್ ಮಾಡಿ, ಪ್ರತಿ ಅರ್ಧತಾಣದ ಮೇಲೆ ಎರಡು ತಿರುಳುಗಳು ಬರುವಂತೆ ಇಡಿ. ಒಂದು ಪಟ್ಟಿಗೆ ಕೆಂಪು ಚುಕ್ಕೆಯ ದೋಷವಿದ್ದರೂ ಇಡೀ ಕೂಟಕ್ಕೆ ತೊಂದರೆಯೇ. ಒಳ್ಳೆಯವೂ ಕೆಟ್ಟವೂ ಸಮಪ್ರಮಾಣದಲ್ಲಿ ಯಾದೃಚ್ಛಿಕವಾಗಿ ಬೆರೆತರೆ ನಾಲ್ಕೂ ಒಳ್ಳೆಯವಿರುವ ಕೂಟಗಳು 16ರಲ್ಲಿ ಒಂದು ಮಾತ್ರ.

ಸ್ಟ್ರಿಂಗ್ ತಾಣಕ್ಕೆ ಈಗ ಹೋಗಬಹುದು. ಪೂರ್ವನಿಯೋಜಿತ ಅಂಕ 0.400ರ ಬದಲು 0.900 ಆರಿಸಿ, ಪುರಾವೆಗಳಲ್ಲಿ ಪ್ರಯೋಗ ಮತ್ತು ದತ್ತಾಂಶಕೋಶ ಎಂಬೆರಡನ್ನು ಮಾತ್ರ ಉಳಿಸಿಕೊಂಡು, ಲೇಖನಗಳಲ್ಲಿ ಹೆಸರುಗಳು ಒಟ್ಟಿಗೆ ಬಂದದ್ದನ್ನು ಆಧರಿಸಿದ ಗೆರೆಗಳನ್ನು ತೆಗೆದುಹಾಕಿ. ಆ ಅಂಕವು ಒಡನಾಟದ ಬಗೆಗಿನ ನಂಬಿಕೆಯ ಅಳತೆಯೇ ಹೊರತು ಹಿಡಿತದ ಬಲದ ಅಳತೆಯಲ್ಲ. ಉಳಿದ ಒಂದೊಂದು ಹೆಸರನ್ನೂ ಪಟ್ಟಿಯ ಪಕ್ಕದಲ್ಲಿಟ್ಟು ಯಾವ ಮಿಲಿಮೀಟರಿನಿಂದ ಯಾವ ಮಿಲಿಮೀಟರಿನವರೆಗೆ ಎಂದು ಕೇಳಿ. ಜಾಗ ಸಿಗದ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟು, ಆಧಾರ ದೊರೆತ ಬಳಿಕವಷ್ಟೇ ಪಟ್ಟಿಗೆ ಸೇರಿಸಿ.