ಕಂಪ್ಯೂಟರಿನೊಳಗೆ ದೊಡ್ಡಪ್ಪನ ಹೆಂಚಿನ ಮನೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಹೋದ ವರ್ಷ ದೊಡ್ಡಪ್ಪನ ಹಳೇ ಹೆಂಚಿನ ಮನೆ ಕೆಡವುವ ಮಾತು ಬಂತು. ಫೋಟೋ ಬೇಕಾದಷ್ಟು ಇದ್ದವು. ಆದರೆ ಜಗಲಿಯಿಂದ ನಡುಮನೆಗೆ ತಲೆ ಬಗ್ಗಿಸಿ ದಾಟುವುದು ಯಾವ ಫೋಟೋದಲ್ಲೂ ಸಿಗುವುದಿಲ್ಲ. ಟೇಪು ಹಿಡಿದು ಮನೆಯೆಲ್ಲ ಅಳೆದುಕೊಂಡೆ. ಅದನ್ನು ಕಂಪ್ಯೂಟರಿನಲ್ಲೇ ಕಟ್ಟಿ, ಒಳಗೆ ಓಡಾಡುವ ಹಾಗೆ ಮಾಡೋಣ ಅಂತ ಹೊರಟೆ. ಪ್ರೋಗ್ರಾಮಿಂಗ್ ಅಂದರೆ ನನಗೆ ಗೊತ್ತಿದ್ದದ್ದು ಎಕ್ಸೆಲ್ ಸೂತ್ರದಷ್ಟೇ.

ಆರಿಸಿಕೊಂಡದ್ದು ಓಪನ್‌ಸಿಮ್ಯುಲೇಟರ್. 2003ರಲ್ಲಿ ಬಂದ ಸೆಕೆಂಡ್ ಲೈಫ್ ಅಂತ ಒಂದು ಆನ್‌ಲೈನ್ ಲೋಕ ಇದೆ, ನಮ್ಮದೇ ಒಂದು ಗೊಂಬೆಯ ರೂಪದಲ್ಲಿ ಒಳಗೆ ಓಡಾಡುವುದು. ಅದೇ ರೀತಿಯ ಲೋಕವನ್ನು ನಮ್ಮ ಕಂಪ್ಯೂಟರಿನಲ್ಲೇ ನಡೆಸುವ ಮುಕ್ತ ತಂತ್ರಾಂಶ ಇದು. 2007ರಲ್ಲಿ ಶುರುವಾಯಿತು. ದುಡ್ಡಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟೂ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ನಂಬಿ ಯಾವ ಕೆಲಸ ಹಿಡಿಯುವುದು? ನೋಡಲು ಫೈರ್‌ಸ್ಟಾರ್ಮ್ ಎಂಬ ವ್ಯೂವರ್ ಹಾಕಿಕೊಂಡೆ. ಅದರಲ್ಲಿ ಓಪನ್‌ಸಿಮ್‌ಗೆ ಅಂತಲೇ ಬೇರೆ ಆವೃತ್ತಿ ಇದೆ. ನಾನು ಮೊದಲು ಇನ್ನೊಂದನ್ನು ಹಾಕಿ ಒಂದು ಸಂಜೆ ಸುಮ್ನೆ ಕಳೆದೆ.

ಮೊದಲ ಸಲ ಒಳಗೆ ಹೋದಾಗ ಸುತ್ತ ನೀರು, ನಡುವೆ ಒಂದು ಗುಡ್ಡೆ. ಜಾಗ 256 ಮೀಟರ್ ಉದ್ದ, ಅಷ್ಟೇ ಅಗಲ. ನೀರಿನ ಮಟ್ಟ 20 ಮೀಟರ್. ಈ ಲೋಕವನ್ನು ನಡೆಸುವ ಸರ್ವರಿನ ಕಪ್ಪು ಪರದೆಯಲ್ಲಿ ‘ಟೆರೇನ್ ಫಿಲ್ 21’ ಅಂತ ಕೊಟ್ಟರೆ ಇಡೀ ನೆಲ ನೀರಿನಿಂದ ಒಂದು ಮೀಟರ್ ಮೇಲಕ್ಕೆ ಸಮತಟ್ಟಾಗುತ್ತದೆ. ನಮ್ಮ ಕಡೆ ಅಷ್ಟು ಸಮ ಜಾಗ ಯಾರಿಗೆ ಸಿಗುತ್ತದೆ ಹೇಳಿ!

ಗೋಡೆ, ಕಂಬ, ಮಾಡು ಎಲ್ಲ ಪ್ರಿಮ್‌ಗಳಿಂದಲೇ ಕಟ್ಟುವುದು. ಪ್ರಿಮ್ ಅಂದರೆ ಡಬ್ಬಿ, ಉರುಳೆ, ಗೋಲದಂಥ ಮೂಲ ಆಕಾರಗಳು. ಒಂದು ಕಂಬ ಮಾಡಿ, ಶಿಫ್ಟ್ ಒತ್ತಿ ಎಳೆದರೆ ಇನ್ನೊಂದು ಕಂಬ. ಇದು ಬೇಗ ಕೈಗೆ ಹತ್ತಿತು. ತೊಂದರೆ ಆದದ್ದು ಅಳತೆಯಲ್ಲಿ. ಟೇಪಿನಲ್ಲಿ ಬಂದ ಅಳತೆಯನ್ನೇ ಹಾಕಿ ಕಟ್ಟಿದೆ, ಒಳಗೆ ಕಾಲಿಟ್ಟರೆ ಬರೀ ಹೆಂಚು ಕಾಣುತ್ತದೆ. ಈ ಲೋಕದಲ್ಲಿ ಕ್ಯಾಮೆರಾ ನಮ್ಮ ಹಿಂದೆ, ಸ್ವಲ್ಪ ಮೇಲೆ ಇರುತ್ತದೆ. ಮಲೆನಾಡಿನ ತಗ್ಗು ಮಾಡಿನೊಳಗೆ ಅದಕ್ಕೆ ಜಾಗ ಎಲ್ಲಿ? ಹಾಗಾಗಿಯೇ ಹೆಚ್ಚಿನವರು ಮನೆಯನ್ನು ನಿಜಕ್ಕಿಂತ ದೊಡ್ಡದಾಗಿ ಕಟ್ಟುತ್ತಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ತಗ್ಗು ಬಾಗಿಲನ್ನು ಎತ್ತರಿಸಿದರೆ ಅದು ದೊಡ್ಡಪ್ಪನ ಮನೆ ಹೇಗಾಗುತ್ತದೆ? ಅಳತೆ ಹಾಗೇ ಬಿಟ್ಟು, ಮೌಸ್‌ಲುಕ್‌ನಲ್ಲಿ ಓಡಾಡುವುದು ರೂಢಿ ಮಾಡಿಕೊಂಡೆ. ಆಗ ನಮ್ಮ ಕಣ್ಣಿನಿಂದಲೇ ನೋಡಿದ ಹಾಗೆ ಕಾಣುತ್ತದೆ.

ಸ್ಕ್ರಿಪ್ಟ್, ಅಂದರೆ ವಸ್ತು ಏನು ಮಾಡಬೇಕು ಅಂತ ಹೇಳುವ ಸಣ್ಣ ಪ್ರೋಗ್ರಾಮ್, ಶುರುವಾದದ್ದು ಬಾಗಿಲಿನಿಂದ. ಹೊಸ ಸ್ಕ್ರಿಪ್ಟ್ ತೆರೆದರೆ ಅದರಲ್ಲೇ ಕೆಲವು ಸಾಲು ಇರುತ್ತವೆ. ಮುಟ್ಟಿದರೆ ಒಂದು ಮಾತು ಹೇಳುತ್ತದೆ, ಅಷ್ಟೆ. ಅದನ್ನೇ ತಿದ್ದಿದೆ: ಮುಟ್ಟಿದಾಗ ಮಾತಾಡಬೇಡ, 90 ತಿರುಗು. ಬಾಗಿಲು ತಿರುಗಿತು, ಆದರೆ ಗೋಡೆಗೂ ತಾಗದೆ, ನೆಟ್ಟಗೂ ನಿಲ್ಲದೆ ಎಲ್ಲೋ ನಿಂತಿತು. ಕಾರಣ ಆಮೇಲೆ ಗೊತ್ತಾಯಿತು. ಸ್ಕ್ರಿಪ್ಟಿನ ಭಾಷೆ ಕೋನವನ್ನು ಡಿಗ್ರಿಯಲ್ಲಲ್ಲ, ರೇಡಿಯನ್ ಎಂಬ ಬೇರೆ ಅಳತೆಯಲ್ಲಿ ಲೆಕ್ಕ ಹಾಕುತ್ತದೆ. 90 ರೇಡಿಯನ್ ಅಂದರೆ 14 ಪೂರ್ತಿ ಸುತ್ತು, ಮೇಲೆ ಸುಮಾರು 117 ಡಿಗ್ರಿ. ‘ಡಿಗ್ರಿ ಟು ರೇಡಿಯನ್’ ಅನ್ನುವ ಸ್ಥಿರಾಂಕದಿಂದ ಗುಣಿಸಿದ ಮೇಲೆ ಸರಿಯಾಯಿತು.

ಸರಿಯಾಯಿತು ಅಂದುಕೊಂಡೆ. ಬಾಗಿಲು ತನ್ನ ನಡುಮಧ್ಯದಲ್ಲಿ ತಿರುಗುತ್ತಿತ್ತು. ಅರ್ಧ ಒಳಗೆ, ಅರ್ಧ ಹೊರಗೆ. ಹಿಂದಿನಿಂದ ನೋಡುತ್ತಿದ್ದ ಅಜ್ಜಿ, “ಎಂತ ಮಾರಾಯ ಇದು, ಬಾಗಿಲೋ ಗಾಣವೋ?” ಅಂದರು. ಆಮೇಲೆ ಅವರೇ ಎದ್ದು ಹೋಗಿ ನಮ್ಮ ಹಳೇ ಬಾಗಿಲನ್ನು ತೋರಿಸಿದರು. ಅದಕ್ಕೆ ಕಬ್ಬಿಣದ ಕೀಲಿಲ್ಲ. ಹಲಗೆಯ ಅಂಚಿನಲ್ಲೇ ಬಿಟ್ಟ ಮರದ ಗೂಟ ಹೊಸ್ತಿಲಿನ ಗುಳಿಯಲ್ಲಿ ಕೂತು ತಿರುಗುತ್ತದೆ. ಪ್ರಿಮ್‌ಗೆ ಅಂಥ ಗೂಟ ಇಲ್ಲ, ಅದು ಯಾವಾಗಲೂ ನಡುವೆಯೇ ತಿರುಗುವುದು. ಉಪಾಯ ಇಷ್ಟು: ಬಾಗಿಲಿನ ಅಗಲ ಒಂದು ಮೀಟರ್ ಆದರೆ ಪ್ರಿಮ್ ಎರಡು ಮೀಟರ್ ಮಾಡಿ, ‘ಪಾತ್ ಕಟ್’ ಅನ್ನುವಲ್ಲಿ 0.375ರಿಂದ 0.875 ಅಂತ ಕೊಡುವುದು. ಅರ್ಧ ಭಾಗ ಕತ್ತರಿಸಿ ಹೋಗುತ್ತದೆ. ಉಳಿದ ಅರ್ಧದ ಅಂಚೇ ಈಗ ನಡುಭಾಗ. ಇದನ್ನು ಕಂಡುಹಿಡಿದವರು ಯಾರೋ, ಅವರಿಗೆ ಒಂದು ಕವಳ ಕೊಡಬೇಕು.

ಮನೆಯ ಹಿಂದೆ ಅಡಿಕೆ ತೋಟ ಇರಲೇಬೇಕಲ್ವಾ? ಸಾಲಿನಿಂದ ಸಾಲಿಗೆ 2.7 ಮೀಟರ್. ಒಂದೊಂದೇ ನೆಡಲು ಬೇಜಾರಾಗಿ, ಒಂದು ಡಬ್ಬಿಯೊಳಗೆ ಮರ ಇಟ್ಟು, ಅದರಿಂದ ಸಾಲಾಗಿ ಹೊರಗೆ ತರುವ ಸ್ಕ್ರಿಪ್ಟ್ ಬರೆದೆ. ಎಣಿಕೆ ಹತ್ತು ಕೊಟ್ಟೆ, ಬಂದದ್ದು ಮೂರು ಮರ. ಅದೂ ಅರ್ಧ ಮಣ್ಣೊಳಗೆ. ತಪ್ಪಾಗಿದೆ ಅಂತ ಒಂದು ಮಾತೂ ಇಲ್ಲ. ಡಬ್ಬಿಯಿಂದ ಹತ್ತು ಮೀಟರಿಗಿಂತ ದೂರಕ್ಕೆ ವಸ್ತು ತರುವಂತಿಲ್ಲ ಎಂಬ ನಿಯಮ ಇದೆ, ಮೀರಿದರೆ ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮೂರನೇ ಮರ 8.1 ಮೀಟರ್, ನಾಲ್ಕನೆಯದು 10.8. ಹೂತದ್ದಕ್ಕೆ ಕಾರಣ, ನಾನು ಕೊಟ್ಟ ಜಾಗ ಮರದ ಬುಡಕ್ಕಲ್ಲ, ನಡುವಿಗೆ. ಡಬ್ಬಿಯನ್ನು ಮರದ ಅರ್ಧ ಎತ್ತರಕ್ಕೆ ಏರಿಸಿದೆ. ಪ್ರತಿ ಮರ ನೆಟ್ಟ ಮೇಲೆ ಡಬ್ಬಿಯೇ 2.7 ಮೀಟರ್ ಮುಂದೆ ಸರಿಯುವ ಹಾಗೆ ಒಂದು ಸಾಲು ಸೇರಿಸಿದೆ. ಸಾಲು ಮುಗಿಯುವವರೆಗೂ ನಡೆಯಿತು.

ಮಳೆಯನ್ನೂ ಸುರಿಸಿದೆ, ಪಾರ್ಟಿಕಲ್ ಎಂಬ ಸಣ್ಣ ಸಣ್ಣ ಚುಕ್ಕಿಗಳಿಂದ. ಅದು ಹೆಂಚನ್ನು ದಾಟಿ ನಡುಮನೆಗೇ ಬಿತ್ತು. ಪಾರ್ಟಿಕಲ್ ಬರೀ ನೋಡುವವರ ಪರದೆಯ ಚಿತ್ರ, ಅದಕ್ಕೆ ಮಾಡು ಗೋಡೆ ಏನೂ ತಡೆಯಲ್ಲ. ಮಳೆ ಸುರಿಸುವ ಪ್ರಿಮ್‌ಗಳನ್ನು ಅಂಗಳದ ಮೇಲೆ, ತೋಟದ ಮೇಲೆ ಮಾತ್ರ ಇಟ್ಟೆ.

ನಿಜವಾದ ಮಳೆಯೂ ಕಾಟ ಕೊಟ್ಟಿತು. ಒಂದು ರಾತ್ರಿ ಕರೆಂಟು ಹೋಗಿ, ಅಷ್ಟರಲ್ಲಿ ಮಾಡಿದ ಅಡುಗೆಮನೆಯ ಒಲೆಕಟ್ಟೆ ಮಾಯ. ಬದಲಾವಣೆಗಳು ಆ ಕ್ಷಣಕ್ಕೇ ಡೇಟಾಬೇಸಿಗೆ ಹೋಗುವುದಿಲ್ಲ, ಸ್ವಲ್ಪ ಹೊತ್ತು ಕಾಯುತ್ತವೆ. ಈಗ ಗುಡುಗು ಕೇಳಿದ ಕೂಡಲೇ ‘ಬ್ಯಾಕಪ್’ ಅಂತ ಕೊಡುತ್ತೇನೆ. ದಿನದ ಕೊನೆಗೆ ‘ಸೇವ್ ಓಎಆರ್’ ಕೊಟ್ಟು ಇಡೀ ಜಾಗವನ್ನೇ ಒಂದು ಫೈಲಾಗಿ ಪೆನ್‌ಡ್ರೈವಿಗೆ ಹಾಕಿಡುತ್ತೇನೆ.

ಸದ್ಯ ದಣಪೆ, ಅಂದರೆ ಬೇಲಿಯ ಬಿದಿರಿನ ಗೇಟು, ಮಾಡುತ್ತಿದ್ದೇನೆ. ಮೂರು ಬಿದಿರು, ಒಂದೊಂದನ್ನು ಮುಟ್ಟಿದರೆ ಒಂದೊಂದು ಪಕ್ಕಕ್ಕೆ ಸರಿಯಬೇಕು. ಎರಡು ಸರಿಯುತ್ತಿವೆ. ಮೂರನೆಯದು ಹೋದದ್ದು ಹಿಂದಕ್ಕೆ ಬರುತ್ತಿಲ್ಲ. ದನ ಒಳಗೆ ಬರುತ್ತದೆ, ಬೇಗ ಸರಿಮಾಡು ಅಂತ ಅಜ್ಜಿಯ ತಗಾದೆ.